ಪ್ಯಾಕಿಂಗ್ ಥರ್ಮಾಕೋಲ್‌ನಿಂದ ಪತ್ರಾಸ್ ಮನೆ ತಂಪು ಮಾಡುವುದು

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ. ಅದು ನೆರಳಿನಲ್ಲಿ ಅಳೆದ ಗಾಳಿಯ ಲೆಕ್ಕ. ಅದೇ ಹೊತ್ತಿಗೆ ತಲೆಯ ಮೇಲಿನ ಪತ್ರಾಸ್ ತಗಡು 65 ಡಿಗ್ರಿ ಕಾದಿರುತ್ತದೆ. 10×12 ಅಡಿಯ ಕೋಣೆಯೊಂದಕ್ಕೆ ಆ ತಗಡಿನಿಂದ ಇಳಿಯುವ ಶಾಖ ಹೆಚ್ಚುಕಡಿಮೆ ಎರಡು ಸಾವಿರ ವ್ಯಾಟ್. ನಡುಹಗಲಿನಲ್ಲಿ ಕೋಣೆಯೊಳಗೆ ದೊಡ್ಡ ಹೀಟರ್ ಹಚ್ಚಿ ಕೂತ ಹಾಗೆ. ಇದೇ ತಿಂಗಳುಗಳಲ್ಲಿ ಫ್ರಿಜ್, ಕೂಲರ್, ಏಸಿ ಮಾರುವ ಅಂಗಡಿಗಳ ಹಿಂದೆ ಥರ್ಮಾಕೋಲ್ ರಾಶಿ ಬೀಳುತ್ತದೆ. ಗುಜರಿಯವರು ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಗಾಡಿ ತುಂಬಿದರೂ ತೂಕ ಬರುವುದಿಲ್ಲ.

ತೂಕ ಬಾರದಿರುವುದೇ ಅದರ ಗುಣ. ಥರ್ಮಾಕೋಲ್‌ನ ನೂರರಲ್ಲಿ ತೊಂಬತ್ತೆಂಟು ಭಾಗ ಗಾಳಿ, ಉಳಿದದ್ದು ಮಾತ್ರ ಪ್ಲಾಸ್ಟಿಕ್. ಸಣ್ಣ ಸಣ್ಣ ಕೋಶಗಳಲ್ಲಿ ಸಿಕ್ಕಿಬಿದ್ದ ಗಾಳಿ ಓಡಾಡುವುದಿಲ್ಲ, ಹಾಗಾಗಿ ಶಾಖ ಸುಲಭವಾಗಿ ದಾಟುವುದಿಲ್ಲ. ಎರಡು ಇಂಚು ಥರ್ಮಾಕೋಲ್ ತಡೆಯುವಷ್ಟು ಶಾಖವನ್ನು ತಡೆಯಲು ಸುಮಾರು ಏಳು ಅಡಿ ದಪ್ಪದ ಕಾಂಕ್ರೀಟ್ ಬೇಕು. ನಮ್ಮ ಕೋಣೆಗೆ ಎರಡು ಇಂಚು ಹಾಸಲು ಬೇಕಾಗುವ ಥರ್ಮಾಕೋಲ್ 20 ಘನ ಅಡಿ, ತೂಕ ಹತ್ತು ಕೆಜಿಯ ಆಸುಪಾಸು.

ಇಷ್ಟೆಲ್ಲ ಸರಿ. ಆದರೆ ಥರ್ಮಾಕೋಲ್ ಬೆಂಕಿ ಹಿಡಿಯುತ್ತದೆ, ಕಾದ ತಗಡಿಗೆ ತಾಗಿದರೆ ಕುಗ್ಗುತ್ತದೆ, ಸಂದು ಬಿಟ್ಟರೆ ಅರ್ಧ ಕೆಲಸ ಹಾಳು. ಹಾಳೆಗಳನ್ನು ತಗಡಿನ ಕೆಳಗೆ ಟೇಪಿನಿಂದ ಅಂಟಿಸಿ ಬಿಡುವ ಪದ್ಧತಿ ಬಹಳ ಕಡೆ ಇದೆ. ಅದು ಎರಡು ಬೇಸಿಗೆ ಬಾಳಿದರೆ ದೊಡ್ಡದು, ಮೇಲಾಗಿ ಅಪಾಯ. ಮಾಡುವುದಾದರೆ ಕೆಳಗೆ ಜಿಪ್ಸಮ್ ಬೋರ್ಡ್ ಮುಚ್ಚಿ ಸರಿಯಾಗಿ ಮಾಡಿ, ಇಲ್ಲವಾದರೆ ಬಿಡಿ.

ಯಾರಿಗೆ ಬೇಕು, ಯಾರಿಗೆ ಬೇಡ

ಮಣ್ಣಿನ ಮಾಳಿಗೆ ಇರುವವರಿಗೆ ಇದು ಬೇಕಿಲ್ಲ. ದಪ್ಪ ಮಣ್ಣಿನ ಹಾಸು ಹಗಲಿನ ಶಾಖವನ್ನು ತಾನೇ ನುಂಗಿಕೊಳ್ಳುತ್ತದೆ. ಅದರ ಕೆಳಗೆ ಥರ್ಮಾಕೋಲ್ ಕಟ್ಟಿದರೆ ತೊಲೆ ಜಂತಿಗಳು ಕಣ್ಣಿಗೆ ಮರೆಯಾಗುತ್ತವೆ, ಗೆದ್ದಲು ಹತ್ತಿದ್ದು, ಸೋರಿದ್ದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಪತ್ರಾಸ್ ಮನೆ, ಸಿಮೆಂಟ್ ಶೀಟಿನ ಕೋಣೆ, ಆರ್‌ಸಿಸಿ ಸ್ಲ್ಯಾಬಿನ ಮೇಲ್ಮಹಡಿ, ಈ ಮೂರಕ್ಕೆ ಉಪಯೋಗವಿದೆ.

ಬೆಳಗಾವಿ, ಖಾನಾಪುರದ ಕಡೆ ಬಿಸಿಲಿಗಿಂತ ಮಳೆಯದೇ ಕಾಟ. ತಗಡಿನ ಮೇಲೆ ಮಳೆ ಬೀಳುವ ಸದ್ದು ಕಡಿಮೆಯಾಗಲಿ ಎಂದು ಥರ್ಮಾಕೋಲ್ ಹಾಕಲು ಹೋಗಬೇಡಿ. ಗಟ್ಟಿಯಾದ, ಹಗುರವಾದ ಹಾಳೆ ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ಇದ್ದಷ್ಟು ಉಪಕಾರವೂ ಕೆಳಗಿನ ಬೋರ್ಡಿನದು.

ರಬಕವಿ-ಬನಹಟ್ಟಿಯ ಹಾಗೆ ಮನೆಯ ಒಂದು ಭಾಗದಲ್ಲೇ ಮಗ್ಗ ನಡೆಸುವವರು ಮಗ್ಗದ ಕೋಣೆಯನ್ನು ಕೈಬಿಡಿ. ಹತ್ತಿಯ ದೂಳು ಹೇಗಾದರೂ ಛತ್ತಿನ ಮೇಲೆ ಸೇರುತ್ತದೆ. ದೂಳು, ವೈರು, ಥರ್ಮಾಕೋಲ್ ಮೂರೂ ಒಂದೇ ಕಡೆ ಕೂಡಬಾರದು. ಕಟ್ಟಿಗೆ ಒಲೆ ಉರಿಯುವ ಅಡುಗೆಮನೆಗೂ ಇದೇ ಮಾತು.

ಸರಕು ಕೂಡಿಸುವುದು

ಎಲ್ಲ ಬಿಳಿ ಫೋಮ್ ಒಂದೇ ಅಲ್ಲ. ಮುರಿದು ನೋಡಿ. ಚಟ್ಟನೆ ಮುರಿದು ಸಾಬೂದಾಣಿಯಂಥ ಕಾಳು ಉದುರಿದರೆ ಅದು ಥರ್ಮಾಕೋಲ್. ಮುರಿಯದೆ ಬಾಗಿ, ಕೈಬಿಟ್ಟರೆ ಮತ್ತೆ ನೆಟ್ಟಗಾದರೆ ಅದು ಪಾಲಿಥಿನ್ ಫೋಮ್. ಅದೂ ಶಾಖ ತಡೆಯುತ್ತದೆ, ಆದರೆ ಅಳತೆಗೆ ಕತ್ತರಿಸಿದರೆ ನೆಟ್ಟಗೆ ನಿಲ್ಲುವುದಿಲ್ಲ. ಅಂಚಿನ ಸಂದುಗಳಿಗೆ ತುರುಕಲು ಎತ್ತಿಡಿ. ಪೆಟ್ಟಿಗೆಯಲ್ಲಿ ಸುರಿದ ಸಣ್ಣ ಕಡಲೆಕಾಯಿ ಆಕಾರದ ತುಂಡುಗಳನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಕರಗಿದರೆ ಅದು ಪಿಷ್ಟದಿಂದ ಮಾಡಿದ್ದು, ಛತ್ತಿಗೆ ಬೇಡ, ತಿಪ್ಪೆಗೆ ಹಾಕಿ.

ಫ್ರಿಜ್, ಟಿವಿಯ ಥರ್ಮಾಕೋಲ್ ನೋಡಲು ದೊಡ್ಡದು, ಆದರೆ ಒಳಗೆಲ್ಲ ಗುಳಿ, ಏಣು, ತೂತು. ಚಪ್ಪಟೆ ಹಾಳೆ ಸಿಗುವುದು ಕಡಿಮೆ. ಇದಕ್ಕಿಂತ ಔಷಧಿ ಸಗಟು ಅಂಗಡಿಗಳಿಗೆ ಲಸಿಕೆ, ಇನ್ಸುಲಿನ್ ಬರುವ ಪೆಟ್ಟಿಗೆಗಳು ಬಹಳ ಮೇಲು. ಆರೂ ಕಡೆ ಚಪ್ಪಟೆ, ಒಂದೇ ದಪ್ಪ, ಸ್ವಚ್ಛ. 18×14×12 ಇಂಚಿನ ಒಂದು ಪೆಟ್ಟಿಗೆ ಬಿಚ್ಚಿದರೆ ಎಂಟು ಚದರ ಅಡಿಯ ಆಸುಪಾಸು ಹಾಳೆ ಬರುತ್ತದೆ. ನಮ್ಮ ಕೋಣೆಗೆ ಒಂದು ಇಂಚಿನ ಎರಡು ಪದರ ಎಂದರೆ 240 ಚದರ ಅಡಿ, ವ್ಯರ್ಥವಾಗುವುದನ್ನೂ ಹಿಡಿದು ಇಂಥ 35 ಪೆಟ್ಟಿಗೆ ಬೇಕು. ಒಂದೇ ಅಂಗಡಿಯಿಂದ ಒಂದೇ ವಾರದಲ್ಲಿ ಸಿಗುವ ಮಾತಲ್ಲ. ದೀಪಾವಳಿಯಿಂದ ಕೂಡಿಸಲು ಶುರುಮಾಡಿದರೆ ಬೇಸಿಗೆ ಹೊತ್ತಿಗೆ ಆದೀತು. ಬೆಳಗಾವಿಯವರಿಗೆ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗ ಬಂದ ದಪ್ಪ ದಿಮ್ಮಿಗಳನ್ನು ಕೇಳಿ ನೋಡಬಹುದು. ದಿಮ್ಮಿ ಸಿಕ್ಕರೆ ಬೇಕಾದ ದಪ್ಪಕ್ಕೆ ಸೀಳಿಕೊಳ್ಳಬಹುದು.

ಮೀನಿನ ಪೆಟ್ಟಿಗೆ ಬೇಡ. ಎಷ್ಟು ತೊಳೆದರೂ ಕಾಳುಗಳ ನಡುವೆ ನೀರು ಇಳಿದಿರುತ್ತದೆ, ತಗಡಿನ ಕಾವಿಗೆ ಮೇ ತಿಂಗಳಲ್ಲಿ ವಾಸನೆ ಏಳುತ್ತದೆ. ಗ್ರೀಸು, ಆಯಿಲ್ ಹತ್ತಿದ್ದೂ ಬೇಡ. ಉಳಿದವುಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒರೆಸಿ, ಎರಡು ದಿನ ನೆರಳಿಗೆ ಒಣಗಿಸಿ. ಬಿಸಿಲಿಗೆ ವಾರಗಟ್ಟಲೆ ಬಿದ್ದ ಥರ್ಮಾಕೋಲ್ ಮೇಲ್ಮೈ ಹಳದಿಯಾಗಿ ಪುಡಿ ಬಿಡುತ್ತದೆ. ಆದ್ದರಿಂದ ಕೂಡಿಸಿಟ್ಟ ಸರಕು ಮಾಳಿಗೆ ಮೇಲೆ ಬಯಲಿಗಿರದೆ ಒಳಗಿರಲಿ, ಒಲೆ, ದೀಪಗಳಿಂದ ದೂರವಿರಲಿ.

ಇದಕ್ಕಾಗಿ ಹೊಸ ಅಲಂಕಾರದ ಥರ್ಮಾಕೋಲ್ ಕೊಳ್ಳಲು ಹೋಗಬೇಡಿ. ಅಲಂಕಾರದ ಥರ್ಮಾಕೋಲ್ ಮಾರಾಟ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಪ್ಯಾಕಿಂಗಿನದಕ್ಕೆ ಆ ನಿಷೇಧ ಅನ್ವಯಿಸುವುದಿಲ್ಲ. ಹಣ ಕೊಟ್ಟೇ ಕೊಳ್ಳುವುದಾದರೆ ಕಟ್ಟಡಕ್ಕೆಂದೇ ಮಾಡಿದ, ಐಎಸ್ 4671 (ಭಾರತೀಯ ಮಾನಕ) ಗುರುತಿನ, ತಾನೇ ಆರುವ ಬಗೆಯ ಹಾಳೆ ಕೇಳಿ.

ಬೆಂಕಿಯ ಮಾತು

ಪ್ಯಾಕಿಂಗ್ ಥರ್ಮಾಕೋಲ್‌ನಲ್ಲಿ ಬೆಂಕಿ ತಡೆಯುವ ರಾಸಾಯನಿಕ ಸಾಮಾನ್ಯವಾಗಿ ಇರುವುದಿಲ್ಲ. ಉಗುರಿನಷ್ಟು ತುಂಡನ್ನು ಬಯಲಲ್ಲಿ, ಫರಸಿ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೂ ಉರಿಯುತ್ತಾ, ಕಪ್ಪು ಹೊಗೆ ಬಿಡುತ್ತಾ, ಹನಿ ಹನಿಯಾಗಿ ಕರಗಿ ಬೀಳುತ್ತದೆ. ಆ ಹನಿಯೂ ಉರಿಯುತ್ತಲೇ ಇರುತ್ತದೆ. ಛತ್ತಿಗೆ ಬಿಚ್ಚಾಗಿ ಅಂಟಿಸಿದ ಹಾಳೆ ಹಾಸಿಗೆಯ ಮೇಲೆ ಹೀಗೆ ಸುರಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಬಳಿದರೆ, ಬೆಳ್ಳಿ ಕಾಗದ ಹಚ್ಚಿದರೆ, ಫ್ಲೆಕ್ಸ್ ಬ್ಯಾನರ್ ಹೊದಿಸಿದರೆ ಇದು ತಪ್ಪುವುದಿಲ್ಲ.

ತಪ್ಪಿಸುವುದು 12.5 ಮಿ.ಮೀ. ಜಿಪ್ಸಮ್ ಬೋರ್ಡ್. ಜಿಪ್ಸಮ್‌ನ ತೂಕದಲ್ಲಿ ಐದನೇ ಒಂದು ಭಾಗ ಹರಳಿನೊಳಗೆ ಕಟ್ಟಿಕೊಂಡ ನೀರು. ಬೆಂಕಿ ತಾಗಿದಾಗ ಮೊದಲು ಆ ನೀರು ಆವಿಯಾಗಬೇಕು, ಅಲ್ಲಿಯವರೆಗೆ ಹಿಂಬದಿ ಹೆಚ್ಚು ಕಾಯುವುದಿಲ್ಲ. ಮನೆಯವರು ಹೊರಗೆ ಬರಲು ಹೊತ್ತು ಸಿಗುತ್ತದೆ. ಮಳೆ ಹೆಚ್ಚಿರುವ ಬೆಳಗಾವಿ ಸೀಮೆಯಲ್ಲಿ ಸೋರಿದರೆ ಜಿಪ್ಸಮ್ ಮೆತ್ತಗಾಗಿ ಕೆಳಗೆ ಬೀಳುತ್ತದೆ. ಅಲ್ಲಿ 8 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್ ಹಾಕಬಹುದು. ಅದು ಉರಿಯುವುದಿಲ್ಲ, ಆದರೆ ಬೆಂಕಿಯ ಕಾವನ್ನು ಬೇಗ ದಾಟಿಸುತ್ತದೆ. ನಮ್ಮ ಒಲವು ಸೋರಿಕೆ ನಿಲ್ಲಿಸಿ ಜಿಪ್ಸಮ್ ಹಾಕುವ ಕಡೆಗೇ.

ಕತ್ತರಿಸುವುದು

ಕಟರ್ ಚಾಕು ಸಾಕು, ಅಲಗಿಗೆ ಮೇಣದ ಬತ್ತಿ ಉಜ್ಜಿಕೊಂಡರೆ ಕಿರುಗುಟ್ಟದೆ ಹೋಗುತ್ತದೆ. ಗರಗಸ ಹಿಡಿದರೆ ಕಾಳು ಮನೆಯೆಲ್ಲ ಹಾರಿ, ಬಟ್ಟೆಗೆ ಕೂದಲಿಗೆ ಅಂಟುತ್ತವೆ. ನೀರು ಚಿಮುಕಿಸುತ್ತಾ ಕತ್ತರಿಸಿದರೆ ಕುಳಿತುಕೊಳ್ಳುತ್ತವೆ.

ದಿಮ್ಮಿ ಸೀಳಲು, ಫ್ರಿಜ್ ತುಂಡಿನ ಏಣು ತೆಗೆದು ಚಪ್ಪಟೆ ಮಾಡಲು ಬಿಸಿ ತಂತಿ ಬೇಕು. ಹೀಟರ್ ಸುರುಳಿಗೆ ಬಳಸುವಂಥ ನಿಕ್ರೋಮ್ ತಂತಿ ಎರಡು ಅಡಿ, 28 ಗೇಜಿನದು, ಅಡಿಗೆ ನಾಲ್ಕು ಓಮ್‌ನಷ್ಟು ರೋಧವಿರುವುದು ಕೇಳಿ. ಸಿಸಿಟಿವಿ ಕ್ಯಾಮೆರಾಗೆ ಬಳಸುವ 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಇದಕ್ಕೆ ಸರಿಹೊಂದುತ್ತದೆ. ಎಂಟು ಓಮ್‌ಗೆ 12 ವೋಲ್ಟ್ ಕೊಟ್ಟರೆ ಒಂದೂವರೆ ಆಂಪಿಯರ್ ಹರಿಯುತ್ತದೆ, ತಂತಿ ಕೆಂಪಾಗದೆ ಕತ್ತರಿಸುವಷ್ಟು ಕಾಯುತ್ತದೆ. ಹಲಗೆಯ ಎರಡು ತುದಿಗೆ ಗೂಟ ಹೊಡೆದು ತಂತಿ ಬಿಗಿಯಿರಿ, ಒಂದು ತುದಿಗೆ ಸ್ಪ್ರಿಂಗ್ ಇರಲೇಬೇಕು. ಕಾದ ತಂತಿ ಉದ್ದವಾಗಿ ಜೋಲುತ್ತದೆ, ಜೋತ ತಂತಿ ಹಾಳೆಯನ್ನು ನಡುವೆ ತೆಳ್ಳಗೆ, ಅಂಚಿಗೆ ದಪ್ಪಗೆ ಸೀಳುತ್ತದೆ. ಹಲಗೆಯಿಂದ ಸರಿಯಾಗಿ ಒಂದು ಇಂಚು ಮೇಲೆ ತಂತಿ ನಿಲ್ಲಿಸಿ, ದಿಮ್ಮಿಯನ್ನು ಹಲಗೆಗೆ ಒತ್ತಿ ನಿಧಾನವಾಗಿ ದೂಡಿ. ತಂತಿ ಬಿಲ್ಲಿನಂತೆ ಬಾಗಿದರೆ ಅವಸರ ಮಾಡುತ್ತಿದ್ದೀರಿ ಎಂದರ್ಥ. ತಂತಿ ಕೆಂಪೇರಿದರೆ ಉದ್ದ ಹೆಚ್ಚಿಸಿ. ಹೊಗೆ ಒಳ್ಳೆಯದಲ್ಲ, ಬಯಲಲ್ಲೇ ಮಾಡಿ. ಮನೆಯ 230 ವೋಲ್ಟ್ ಲೈನಿಗೆ ಫ್ಯಾನಿನ ರೆಗ್ಯುಲೇಟರ್ ಹಚ್ಚಿ ತಂತಿ ಕಾಯಿಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ಬಿಚ್ಚು ತಂತಿಯಲ್ಲಿ ಮೇನ್ಸ್ ಕರೆಂಟು, ಮುಟ್ಟಿದರೆ ಜೀವಕ್ಕೇ ಕುತ್ತು.

ತಗಡಿನ ಕೆಳಗೆ ಕೂಡಿಸುವುದು

ಮೊದಲು ಸೋರಿಕೆ. ಹುಕ್ಕು, ಸ್ಕ್ರೂಗಳ ರಬ್ಬರ್ ವಾಷರ್ ಸೀಳಿದ್ದರೆ ಬದಲಿಸಿ. ಒಬ್ಬರು ಮೇಲೆ ನೀರು ಸುರಿಯಲಿ, ಇನ್ನೊಬ್ಬರು ಕೆಳಗೆ ನಿಂತು ನೋಡಲಿ. ಛತ್ತು ಮುಚ್ಚಿದ ಮೇಲೆ ಸೋರಿಕೆ ಹುಡುಕುವುದು ಕಷ್ಟ, ನೀರು ಒಂದು ಕಡೆ ಬಿದ್ದು ಥರ್ಮಾಕೋಲ್ ಮೇಲೆ ಹರಿದು ಮತ್ತೊಂದು ಕಡೆ ಇಳಿಯುತ್ತದೆ. ಇದೇ ಹೊತ್ತಿನಲ್ಲಿ ತಗಡಿನ ಮೇಲೆ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣ ಹೊಡೆದರೆ ಖರ್ಚಿಗೆ ತಕ್ಕ ಫಲವಿದೆ. ಬರೀ ಸುಣ್ಣ ತಗಡಿಗೆ ನಿಲ್ಲದೆ ಹಕ್ಕಳೆ ಏಳುತ್ತದೆ.

ಎರಡನೆಯದು ಭಾರ. ಥರ್ಮಾಕೋಲ್ ಹಗುರ, ಬೋರ್ಡ್ ಹಗುರವಲ್ಲ. ನಮ್ಮ ಕೋಣೆಗೆ ಬೋರ್ಡ್ ನೂರು ಕೆಜಿ, ಚಾನೆಲ್, ಸ್ಕ್ರೂ ಎಲ್ಲ ಸೇರಿ 130 ಕೆಜಿ ಎಂದು ಹಿಡಿಯಿರಿ. ಇದೆಲ್ಲ ತೂಗಬೇಕಾದ್ದು ಕಬ್ಬಿಣದ ಪೈಪು ಅಥವಾ ಆ್ಯಂಗಲ್‌ಗಳಿಗೆ, ತಗಡಿಗೆ ಎಂದೂ ಅಲ್ಲ. ಪೈಪು ತುಕ್ಕು ಹಿಡಿದಿದ್ದರೆ, ನಡುವೆ ಜೋತಿದ್ದರೆ ವೆಲ್ಡರ್‌ನನ್ನು ಕರೆಸಿ ಆಸರೆ ಕೊಡಿಸಿ, ಆಮೇಲೆ ಮುಂದುವರಿಯಿರಿ.

10×12 ಕೋಣೆಗೆ ಬೇಕಾಗುವುದು: 6×4 ಅಡಿಯ ಜಿಪ್ಸಮ್ ಬೋರ್ಡ್ ಐದು, ಒಡೆದರೆ ಇರಲಿ ಎಂದು ಇನ್ನೊಂದು. ಗೋಡೆಗುಂಟ ಬರುವ ಪೆರಿಮೀಟರ್ ಚಾನೆಲ್ 12 ಅಡಿಯವು ನಾಲ್ಕು, ಇಂಟರ್‌ಮೀಡಿಯೆಟ್ ಚಾನೆಲ್ (ಪೈಪಿನಿಂದ ತೂಗುವುದು) ಎರಡು, ಸೀಲಿಂಗ್ ಸೆಕ್ಷನ್ (ಬೋರ್ಡಿನ ಸ್ಕ್ರೂ ಕೂರುವ ಪಟ್ಟಿ) ಏಳು. ತೂಗುಪಟ್ಟಿ ಎಂಟು, 25 ಮಿ.ಮೀ. ಸ್ಕ್ರೂ 250, ಸಂದು ತುಂಬುವ ಪಿಯು (ಪಾಲಿಯುರೇಥೇನ್) ಫೋಮ್ ಡಬ್ಬಿ ಎರಡು, ಅಲ್ಯೂಮಿನಿಯಂ ಟೇಪು ಎರಡು ಸುರುಳಿ, ಕಾಲು ಇಂಚಿನ ಜಾಳಿಗೆ.

ಗೋಡೆಯ ಸುತ್ತ ನೂಲು ಹಿಡಿದು ಮಟ್ಟ ಗುರುತಿಸಿ ಪೆರಿಮೀಟರ್ ಚಾನೆಲ್ ಬಡಿಯಿರಿ. ತಗಡಿನ ಅತಿ ಕೆಳಗಿನ ಅಂಚಿನಿಂದ ಥರ್ಮಾಕೋಲ್‌ನ ಮೇಲ್ಮೈಗೆ ಕನಿಷ್ಠ ಎರಡು ಇಂಚು ಖಾಲಿ ಇರುವಂತೆ ಮಟ್ಟ ಹಿಡಿಯಿರಿ. ಥರ್ಮಾಕೋಲ್ ಬಹುಕಾಲ ತಾಳಿಕೊಳ್ಳುವುದು 75-80 ಡಿಗ್ರಿಯವರೆಗೆ. ಕಪ್ಪುಗಟ್ಟಿದ ತಗಡು ಮೇ ತಿಂಗಳಲ್ಲಿ ಅದರ ಹತ್ತಿರ ಹತ್ತಿರ ಹೋಗುತ್ತದೆ. ತಾಗಿಕೊಂಡಿದ್ದರೆ ಹಾಳೆ ದಿನವೂ ಕೂದಲೆಳೆಯಷ್ಟು ಕುಗ್ಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಸಂದುಗಳಲ್ಲಿ ಬೆರಳು ತೂರುವಂತಾಗುತ್ತದೆ. ಆ ಖಾಲಿ ಜಾಗದ ಗಾಳಿಗೆ ಹೊರಹೋಗಲು ದಾರಿಯೂ ಇರಲಿ. ತಗಡು ಗೋಡೆಗೆ ಕೂಡುವ ಕಡೆ ಕೆಳಗೂ ಮೇಲೂ ಕಿಂಡಿ ಬಿಟ್ಟರೆ ಕಾದ ಗಾಳಿ ಮೇಲಿನಿಂದ ಹೋಗಿ, ಕೆಳಗಿನಿಂದ ಹೊಸದು ಬರುತ್ತದೆ. ಕಿಂಡಿಗಳಿಗೆ ಕಾಲು ಇಂಚಿನ ಜಾಳಿಗೆ ಬಿಗಿಯಿರಿ. ಇಲಿ, ಅಳಿಲುಗಳು ಥರ್ಮಾಕೋಲ್ ತಿನ್ನುವುದಿಲ್ಲ, ಆದರೆ ಕೊರೆದು ಗೂಡು ಮಾಡುತ್ತವೆ. ಒಮ್ಮೆ ಒಳಸೇರಿದರೆ ಹೊರಗೆ ಹಾಕುವುದು ಕಷ್ಟ.

ಇಂಟರ್‌ಮೀಡಿಯೆಟ್ ಚಾನೆಲ್ ಎರಡನ್ನೂ 12 ಅಡಿಯ ಉದ್ದಕ್ಕೆ, ಒಂದೊಂದಕ್ಕೆ ನಾಲ್ಕು ತೂಗುಪಟ್ಟಿ ಕೊಟ್ಟು ಪೈಪಿನಿಂದ ಇಳಿಬಿಡಿ. ಅವುಗಳ ಕೆಳಗೆ ಅಡ್ಡಲಾಗಿ ಸೀಲಿಂಗ್ ಸೆಕ್ಷನ್‌ಗಳು, 18 ಇಂಚಿಗೆ ಒಂದರಂತೆ. ಈ ಸೆಕ್ಷನ್ ಸುಮಾರು ಒಂದು ಇಂಚು ಎತ್ತರ ಇರುವುದರಿಂದ ನಮ್ಮ ಒಂದು ಇಂಚಿನ ಪದರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಎರಡನೇ ಪದರ ಸೆಕ್ಷನ್‌ಗಳ ನೆತ್ತಿಯ ಮೇಲೆ ಅಡ್ಡ ಮಲಗಬೇಕು. ಇದನ್ನು ಬಿಡಬೇಡಿ. ಕಬ್ಬಿಣ ಶಾಖವನ್ನು ಸಲೀಸಾಗಿ ದಾಟಿಸುತ್ತದೆ, ಸೆಕ್ಷನ್ ಮೇಲೆ ಬಿಚ್ಚು ಉಳಿದರೆ ಪ್ರತಿ ಒಂದೂವರೆ ಅಡಿಗೆ ಒಂದು ಬಿಸಿ ಪಟ್ಟಿ ಬಿಟ್ಟಂತೆ.

ಕೆಲಸದ ವರಸೆ ಹೀಗೆ. ಒಂದು ಸಾಲು ಬೋರ್ಡಿಗೆ ತಾಕುವಷ್ಟು ಜಾಗದಲ್ಲಿ ಮೊದಲು ಮೇಲಿನ ಪದರದ ತುಂಡುಗಳನ್ನು ಓರೆಯಾಗಿ ತೂರಿಸಿ ಸೆಕ್ಷನ್‌ಗಳ ಮೇಲೆ ಮಲಗಿಸಿ. ನಂತರ ಕೆಳಪದರದ ತುಂಡುಗಳನ್ನು ಎರಡು-ಮೂರು ಮಿ.ಮೀ. ಅಗಲ ಹೆಚ್ಚೇ ಕತ್ತರಿಸಿ ಸೆಕ್ಷನ್‌ಗಳ ನಡುವೆ ಒತ್ತಿ, ಬಿಗಿಗೆ ತಾವೇ ನಿಲ್ಲುತ್ತವೆ. ಮೇಲಿನ ಸಂದು, ಕೆಳಗಿನ ಸಂದು ಒಂದರ ಮೇಲೊಂದು ಬರಬಾರದು, ಗವಂಡಿ ಇಟ್ಟಿಗೆ ಕಟ್ಟುವಾಗ ಜೋಡಣೆ ತಪ್ಪಿಸುತ್ತಾನಲ್ಲ, ಹಾಗೆ. ಆಮೇಲೆ ಬೋರ್ಡ್ ಎತ್ತಿ, ಒಂಬತ್ತು ಇಂಚಿಗೆ ಒಂದು ಸ್ಕ್ರೂ ಹಾಕಿ. ಬೋರ್ಡಿನ ಆರು ಅಡಿಯ ಬದಿ ಸೆಕ್ಷನ್‌ಗಳಿಗೆ ಅಡ್ಡಲಾಗಿರಲಿ. ನಾಲ್ಕು ಅಡಿಯ ಸಾಲು ಎರಡು, ಕೊನೆಗೆ ಎರಡು ಅಡಿಯದೊಂದು. ಐದನೇ ಬೋರ್ಡನ್ನು ಉದ್ದಕ್ಕೆ ಸೀಳಿದರೆ ಆ ಕೊನೆಯ ಸಾಲು ಸರಿಯಾಗಿ ಮುಗಿಯುತ್ತದೆ.

ಸಂದು ಮುಚ್ಚುವುದರಲ್ಲಿ ಸೋಮಾರಿತನ ಬೇಡ. ನಮ್ಮ ಕೋಣೆಯ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಭಾಗ ಜಾಗ ಖಾಲಿ ಉಳಿದರೆ ಒಳಬರುವ ಶಾಖ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಇನ್ನೊಂದು ಇಂಚು ಥರ್ಮಾಕೋಲ್ ಸೇರಿಸುವುದಕ್ಕಿಂತ ಇದ್ದ ಸಂದು ಮುಚ್ಚುವುದರಲ್ಲೇ ಲಾಭ ಹೆಚ್ಚು. ಬೆರಳು ಹೋಗುವ ಸಂದಿಗೆ ಥರ್ಮಾಕೋಲ್ ಚಕ್ಕೆ ಅಥವಾ ಪಾಲಿಥಿನ್ ಫೋಮ್ ತುರುಕಿ. ಅದಕ್ಕಿಂತ ಸಣ್ಣದಕ್ಕೆ ಪಿಯು ಫೋಮ್. ಅದು ಥರ್ಮಾಕೋಲ್ ಕರಗಿಸುವುದಿಲ್ಲ, ಆದರೆ ಡಬ್ಬಿಯಿಂದ ಬರುವ ಅನಿಲ ಹೊತ್ತಿಕೊಳ್ಳುತ್ತದೆ. ಕೆಲಸ ನಡೆದಿರುವಾಗ ಬೀಡಿ, ಊದುಬತ್ತಿ ಯಾವುದೂ ಹತ್ತಿರ ಬೇಡ. ಫೋಮ್ ಹಿಗ್ಗುತ್ತದೆ, ಸಂದಿನ ಅರ್ಧದಷ್ಟು ತುಂಬಿ ನಿಲ್ಲಿಸಿ. ಪ್ಯಾಕಿಂಗಿನ ಕಂದು ಟೇಪು ಒಂದೇ ಬೇಸಿಗೆಗೆ ಸುರುಳಿ ಸುತ್ತಿ ಬೀಳುತ್ತದೆ, ಅಲ್ಯೂಮಿನಿಯಂ ಟೇಪೇ ಆಗಬೇಕು.

ಅಂಟು ಬೇಕೆನಿಸಿದರೆ ನೋಡಿ ಬಳಸಿ. ಥಿನ್ನರ್, ಪೆಟ್ರೋಲ್, ಅಸಿಟೋನ್ ಇರುವ ಯಾವ ಅಂಟೂ ಥರ್ಮಾಕೋಲನ್ನು ತಿಂದು ಗುಂಡಿ ಮಾಡುತ್ತದೆ. ಚಪ್ಪಲಿ, ರೆಕ್ಸಿನ್ ಅಂಟಿಸುವ ಹಳದಿ ಅಂಟು ಇದೇ ಜಾತಿ. ಆಯಿಲ್ ಪೇಂಟೂ ಹಾಗೆಯೇ. ಬಡಗಿಗಳ ಬಿಳಿ ಫೆವಿಕಾಲ್ ನೀರಿನ ಆಧಾರದ್ದು, ತೊಂದರೆ ಇಲ್ಲ, ಆದರೆ ಎರಡು ಥರ್ಮಾಕೋಲ್ ನಡುವೆ ಗಾಳಿಯಾಡದೆ ಒಣಗಲು ದಿನಗಟ್ಟಲೆ ಹಿಡಿಯುತ್ತದೆ.

ವೈರು, ದೀಪ, ಫ್ಯಾನು

ವೈರಿನ ಹೊರಮೈ ಪಿವಿಸಿ. ಅದನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ಥರ್ಮಾಕೋಲ್ ತಾಗಿದರೆ ನಿಧಾನವಾಗಿ ಅದರೊಳಗೆ ಇಳಿಯುತ್ತದೆ. ಥರ್ಮಾಕೋಲ್ ಅಂಟಂಟಾಗಿ ಕರಗುತ್ತದೆ, ವೈರು ಬಿರುಸಾಗಿ ಸೀಳು ಬಿಡುತ್ತದೆ. ಮೇಲಾಗಿ ಸುತ್ತಲೂ ಥರ್ಮಾಕೋಲ್ ಮುಚ್ಚಿದ್ದರೆ ವೈರಿನ ಕಾವು ಹೊರಹೋಗಲು ದಾರಿಯಿಲ್ಲ. ಛತ್ತಿನ ಎಲ್ಲ ವೈರೂ ಪೈಪಿನೊಳಗೆ, ಥರ್ಮಾಕೋಲ್ ಮೇಲಿನ ಖಾಲಿ ಜಾಗದಲ್ಲಿ ಹೋಗಲಿ. ಅದಕ್ಕಿಂತ ಒಳ್ಳೆಯದು ಬೋರ್ಡಿನ ಕೆಳಗೆ ಕೇಸಿಂಗ್ ಪಟ್ಟಿಯಲ್ಲಿ ಒಯ್ಯುವುದು, ಕಣ್ಣಿಗೂ ಕಾಣುತ್ತದೆ.

ಬೋರ್ಡಿಗೆ ತೂತು ಕೊರೆದು ಕೂಡಿಸುವ ದುಂಡು ದೀಪಗಳು ಈ ಛತ್ತಿಗೆ ಬೇಡವೇ ಬೇಡ. ದೀಪದ ಬೆನ್ನು ನೇರ ಥರ್ಮಾಕೋಲ್‌ಗೆ ತಾಗುತ್ತದೆ. ಗೋಡೆಗೆ ಎಲ್‌ಇಡಿ ಟ್ಯೂಬು ಹಾಕಿ. ಫ್ಯಾನಿನ ಕೊಕ್ಕೆ ಕಬ್ಬಿಣದ ಪೈಪಿಗೇ ಇರಲಿ, ರಾಡು ಬೋರ್ಡಿಗೆ ತಾಗದೆ ಇಳಿಯಲಿ. ರೆಕ್ಕೆಗಳು ಬೋರ್ಡಿನಿಂದ ಒಂದಡಿ ಕೆಳಗಿರದಿದ್ದರೆ ಮೇಲಿಂದ ಎಳೆಯಲು ಗಾಳಿ ಸಿಗದೆ ಫ್ಯಾನು ಬರೀ ತಿರುಗುತ್ತದೆ. ಮನೆ ತಗ್ಗಿದ್ದರೆ ಗೋಡೆ ಫ್ಯಾನೇ ಸರಿ.

ಎಷ್ಟು ತಂಪಾದೀತು

ಲೆಕ್ಕದ ಪ್ರಕಾರ ಛತ್ತಿನಿಂದ ಇಳಿಯುವ ಶಾಖ ಹತ್ತನೇ ಒಂದಕ್ಕೆ ಇಳಿಯಬೇಕು. ಚಾನೆಲ್, ಸಣ್ಣಪುಟ್ಟ ಸಂದು ಎಲ್ಲ ಹಿಡಿದು ಐದನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಕೋಣೆ ಏಸಿ ಹಾಕಿದಂತಾಗುವುದಿಲ್ಲ. ಹೊರಗಿನ ಗಾಳಿ 41 ಇದ್ದಾಗ ಒಳಗಿನ ಗಾಳಿಯೂ ಅದರ ಹತ್ತಿರವೇ ಇರುತ್ತದೆ, ತಲೆಯ ಮೇಲಿನ ಕಾವು ಮಾತ್ರ ಹೋಗುತ್ತದೆ. ಕೂಲರ್ ಇದ್ದವರಿಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಪಡುವಣ ಗೋಡೆಗೆ ಸಂಜೆ ಬಿಸಿಲು ಹೊಡೆಯುತ್ತಿದ್ದರೆ ಅದಕ್ಕೆ ಹೊರಗಿನಿಂದ ಚಪ್ಪರದ ನೆರಳೇ ಮದ್ದು. ಒಳಗೋಡೆಗೆ ಥರ್ಮಾಕೋಲ್ ಹಚ್ಚುವ ಗೊಡವೆ ಬೇಡ.

ಒಂದು ನಷ್ಟವೂ ಇದೆ. ಬರೀ ತಗಡು ರಾತ್ರಿ ಎಂಟು-ಒಂಬತ್ತಕ್ಕೆ ತಣ್ಣಗಾಗಿ, ಗೋಡೆಯ ಕಾವನ್ನೂ ಆಕಾಶಕ್ಕೆ ಬಿಡುತ್ತದೆ. ಥರ್ಮಾಕೋಲ್ ಆ ದಾರಿಯನ್ನೂ ಮುಚ್ಚುತ್ತದೆ. ಹಾಗಾಗಿ ರಾತ್ರಿ ಕಿಟಕಿ ತೆರೆದಿಡಬೇಕು. ಎದುರು ಬದುರು ಕಿಟಕಿ ಇಲ್ಲದ ಕೋಣೆಯಾದರೆ ಮೊದಲು ಗೋಡೆಯ ಮೇಲ್ಭಾಗದಲ್ಲಿ ಒಂದು ಗವಾಕ್ಷಿ ಒಡೆಸಿ, ಆಮೇಲೆ ಛತ್ತಿನ ಕೆಲಸ ಹಿಡಿಯಿರಿ.

ಒಡೆದ ತುಂಡುಗಳಿಗೆ: ಸ್ಲ್ಯಾಬಿನ ಮೇಲಿನ ಹಗುರ ಕಾಂಕ್ರೀಟ್

ಆರ್‌ಸಿಸಿ ಮಾಳಿಗೆ ಇರುವವರು, ಹಾಳೆಯಾಗದ ತುಂಡುಗಳು ಹೆಚ್ಚಿರುವವರು ಇದನ್ನು ಮಾಡಬಹುದು. ತುಂಡುಗಳನ್ನು ಒದ್ದೆ ಮಾಡಿ, ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಜಾಳಿಗೆಯ ತುಂಡಿಗೆ ಉಜ್ಜಿ ಬಟಾಣಿ ಗಾತ್ರಕ್ಕೆ ಪುಡಿ ಮಾಡಿ. ಬಯಲಲ್ಲಿ ಮಾಡಿದರೆ ಗಾಳಿಗೆ ಹಾರಿ ಓಣಿಯ ಗಟಾರ ಸೇರುತ್ತದೆ, ಅದನ್ನು ಮತ್ತೆ ಕೂಡಿಸಲು ಯಾರಿಂದಲೂ ಆಗದು.

ಒಂದು ಚೀಲ ಸಿಮೆಂಟಿಗೆ 20 ಲೀಟರ್ ಬಣ್ಣದ ಬಕೆಟ್ಟಿನಲ್ಲಿ ಹತ್ತು ಬಕೆಟ್ ಕಾಳು, ಒಂದು ಬಕೆಟ್ ಉಸುಕು, ನೀರು ಒಂದು ಬಕೆಟ್‌ಗಿಂತ ತುಸು ಹೆಚ್ಚು. ಕಾಳು ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಎಲ್ಲ ಒಮ್ಮೆಲೇ ಸುರಿದರೆ ಕಾಳು ಮೇಲೆ ತೇಲಿ ಸಿಮೆಂಟ್ ಕೆಳಗೆ ಕೂರುತ್ತದೆ. ಮೊದಲು ಅರ್ಧ ಸಿಮೆಂಟನ್ನು ನೀರಿನಲ್ಲಿ ಗಂಜಿಯಂತೆ ಕಲಸಿ, ಕಾಳಿಗೆ ಹಾಕಿ ಎಲ್ಲ ಕಾಳೂ ಬೂದು ಬಣ್ಣಕ್ಕೆ ತಿರುಗುವವರೆಗೆ ಮಗುಚಿ. ಆಮೇಲೆ ಉಳಿದ ಸಿಮೆಂಟು, ಉಸುಕು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಇಳಿಯಬಾರದು. ಇಷ್ಟರಲ್ಲಿ 100 ಚದರ ಅಡಿಯ ಮೂರನೇ ಒಂದು ಭಾಗಕ್ಕೆ ಎರಡೂವರೆ ಇಂಚು ದಪ್ಪ ಬರುತ್ತದೆ. ಪೂರ್ತಿ ನೂರು ಚದರ ಅಡಿಗೆ ಮೂರು ಚೀಲ ಸಿಮೆಂಟ್, 600 ಲೀಟರ್ ಕಾಳು.

ಸ್ಲ್ಯಾಬಿನ ಬಿರುಕು ಮುಚ್ಚಿ, ನೀರು ತಡೆಯುವ ಲೇಪ ಕೊಟ್ಟ ಮೇಲೆಯೇ ಇದನ್ನು ಹಾಸಿ. ನೀರು ಹೋಗುವ ಕಡೆಗೆ ಎಂಟು ಅಡಿಗೆ ಒಂದು ಇಂಚು ಇಳಿಜಾರು. ಬಡಿಯಬೇಡಿ, ಹಲಗೆಯಿಂದ ಒತ್ತಿ ಸಮ ಮಾಡಿ ಸಾಕು. ಒದ್ದೆ ಗೋಣಿತಟ್ಟು ಹೊದಿಸಿ ಏಳು ದಿನ ನೀರುಣಿಸಿ. ಇದರ ಮೈ ಮೆತ್ತಗೆ, ಮೇಲೆ ಓಡಾಡಿದರೆ ಕಾಳು ಏಳುತ್ತದೆ. ಕೋಳಿ ಜಾಳಿಗೆ ಹಾಸಿ ಒಂದು ಭಾಗ ಸಿಮೆಂಟಿಗೆ ನಾಲ್ಕು ಭಾಗ ಉಸುಕಿನ ಗಾರೆ ಒಂದು ಇಂಚು ಎಳೆಯಿರಿ, ಮೇಲೆ ಬಿಳಿ ಟೈಲ್ಸ್ ಚೂರು ಕೂಡಿಸಿದರೆ ಬಿಸಿಲೂ ತಿರುಗಿ ಹೋಗುತ್ತದೆ. ಇದು ಹಾಳೆಯಷ್ಟು ಶಾಖ ತಡೆಯುವುದಿಲ್ಲ, ಅರ್ಧಕ್ಕೂ ಕಡಿಮೆಯೇ. ಆದರೆ ಸಿಮೆಂಟ್ ನಡುವೆ ಸಿಕ್ಕ ಕಾಳಿಗೆ ಬೆಂಕಿಯ ಭಯ, ಇಲಿಯ ಭಯ ಬಹಳ ಕಡಿಮೆ. ಗಾರೆ, ಟೈಲ್ಸ್ ಸೇರಿ ಚದರ ಮೀಟರಿಗೆ ನೂರು ಕೆಜಿಯ ಹತ್ತಿರ ಭಾರ ಬೀಳುತ್ತದೆ. ಹಳೆಯ ಸ್ಲ್ಯಾಬ್ ಆದರೆ ಎಂಜಿನಿಯರ್‌ಗೆ ತೋರಿಸಿ.

ಇನ್ನೂ ಹಾಳೆ ಉಳಿದಿದ್ದರೆ ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಸುತ್ತಿ. ಮೂರು ನಾಲ್ಕು ಇಂಚು ಅಗಲದ ಪಟ್ಟಿಗಳಾಗಿ ಸೀಳಿದರೆ ಟಾಕಿಯ ದುಂಡಿಗೆ ಒಗ್ಗುತ್ತವೆ. ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು, ಬಿಸಿಲಿಗೆ ಪುಡಿಯಾಗದಂತೆ ಮೇಲೆ ಗಟ್ಟಿ ಬಟ್ಟೆ ಹೊದಿಸಿ ಬಿಳಿ ಡಿಸ್ಟೆಂಪರ್ ಬಳಿಯಿರಿ. ಮುಚ್ಚಳವನ್ನು ಬಿಡಬೇಡಿ, ನೆತ್ತಿಯ ಬಿಸಿಲು ಬೀಳುವುದು ಅದರ ಮೇಲೆಯೇ. ಮುಚ್ಚಳದ ಹಾಳೆಯನ್ನು ಬೇರೆಯಾಗಿ ಕಟ್ಟಿದರೆ ಟಾಕಿ ತೊಳೆಯುವ ದಿನ ಎಲ್ಲ ಬಿಚ್ಚುವ ಕೆಲಸ ತಪ್ಪುತ್ತದೆ.